ಪ್ರೇರಿ ಡಾಗ್ ಬೇಟೆ: 400 ಗಜ ದಾಟಿದ ಮೇಲೆ ಯಾವ ಗುಂಡು?

ಪ್ರಶ್ನೆ: ಅಮೆರಿಕದ ವಯೋಮಿಂಗ್ ರಾಜ್ಯದ ಶೈಯೆನ್ ಹತ್ತಿರ ಇದ್ದೇನೆ. ಪರಿಚಯದವರ ರ‍್ಯಾಂಚಿನಲ್ಲಿ ಪ್ರೇರಿ ಡಾಗ್ (ಬಿಲದಲ್ಲಿರುವ ನೆಲದ ಅಳಿಲು) ಕಾಟ ಹೆಚ್ಚಾಗಿ, ಬೇಸಿಗೆಯಲ್ಲಿ ಹೊಡೆಯಲು ಕರೆಯುತ್ತಾರೆ. ನನ್ನದು .223 ರೆಮಿಂಗ್ಟನ್ ಬೋಲ್ಟ್ ರೈಫಲ್, ನಳಿಗೆ 24 ಇಂಚು. ಹಾರ್ನಡಿ ಕಂಪನಿಯ 55 ಗ್ರೇನ್ ವಿ-ಮ್ಯಾಕ್ಸ್ ತೋಟಾ ಬಳಸುತ್ತೇನೆ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ). 250 ಗಜದವರೆಗೆ ತೊಂದರೆ ಇಲ್ಲ. 400 ದಾಟಿದರೆ ಗಾಳಿಗೆ ತಪ್ಪಿಹೋಗುತ್ತದೆ, ತಗುಲಿದರೂ ಕೆಲವು ತೆವಳಿಕೊಂಡು ಬಿಲ ಸೇರಿಬಿಡುತ್ತವೆ. ಒಬ್ಬರು 40 ಗ್ರೇನಿನ ವೇಗದ ಗುಂಡು ಹಾಕಿ ಎನ್ನುತ್ತಾರೆ, ಇನ್ನೊಬ್ಬರು 75 ಗ್ರೇನಿನ ಮ್ಯಾಚ್ ಗುಂಡು (ಗುರಿ ಸ್ಪರ್ಧೆಗೆಂದು ಮಾಡಿದ್ದು) ಎನ್ನುತ್ತಾರೆ. ಯಾವುದು ಸರಿ? ನಳಿಗೆಯ ಟ್ವಿಸ್ಟ್ (ಒಳಗಿನ ಸುರುಳಿ ಗೀರಿನ ತಿರುವು) ಎಷ್ಟೆಂದು ಗೊತ್ತಿಲ್ಲ, ಮೇಲೆ ಏನೂ ಕೊರೆದಿಲ್ಲ.

ಉತ್ತರ: ನಿಮ್ಮ ಎರಡು ದೂರಿಗೂ ಮೂಲ ಒಂದೇ: ಗುಂಡು ದಾರಿಯಲ್ಲಿ ವೇಗ ಕಳೆದುಕೊಳ್ಳುತ್ತಿದೆ. ಬೇಗ ವೇಗ ಕಳೆದುಕೊಳ್ಳುವ ಗುಂಡನ್ನು ಗಾಳಿ ಹೆಚ್ಚು ತಳ್ಳುತ್ತದೆ. ಸುಸ್ತಾಗಿ ತಲುಪಿದ ಗುಂಡು ಮೈಯೊಳಗೆ ಒಡೆಯದೆ ತೂರಿಕೊಂಡು ಆಚೆ ಹೋಗುತ್ತದೆ. ಆದ್ದರಿಂದ ತೋಟಾ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ ಹೊರಡುವ ವೇಗ ನಿಮಗೆ ಅಷ್ಟು ಮುಖ್ಯವಲ್ಲ. ಗುರಿ ಮುಟ್ಟುವಾಗ ಎಷ್ಟು ಉಳಿದಿರುತ್ತದೆ ಎಂಬಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರಬೇಕು.

ನಿಮ್ಮ 55 ಗ್ರೇನ್ ವಿ-ಮ್ಯಾಕ್ಸ್ ಸೆಕೆಂಡಿಗೆ 3,240 ಅಡಿ ವೇಗದಲ್ಲಿ ಹೊರಡುತ್ತದೆ. ಸಮುದ್ರಮಟ್ಟದ ಗಾಳಿಯಲ್ಲಿ 200 ಗಜಕ್ಕೆ 2,500, 300ಕ್ಕೆ 2,170, 400ಕ್ಕೆ 1,870, 500ಕ್ಕೆ 1,600 ಅಡಿ ಉಳಿಯುತ್ತದೆ. ಅಂದರೆ 500 ಗಜ ಹೋಗುವಷ್ಟರಲ್ಲಿ ಅರ್ಧ ವೇಗ ಖಾಲಿ.

ಈ ಗುಂಡಿನ ರಚನೆ ನೋಡಿ. ತೆಳುವಾದ ತಾಮ್ರದ ಜಾಕೆಟ್, ಒಳಗೆ ಮೆತ್ತನೆಯ ಸೀಸ, ಮುಂದೆ ಚೂಪಾದ ಪ್ಲಾಸ್ಟಿಕ್ ಮೊನೆ, ಮೊನೆಯ ಹಿಂದೆ ಸಣ್ಣ ಪೊಳ್ಳು. ತಗುಲಿದ ಕ್ಷಣ ಮೊನೆ ಹಿಂದಕ್ಕೆ ನುಗ್ಗಿ, ಸೌದೆಗೆ ಬೆಣೆ ಹೊಡೆದ ಹಾಗೆ ಜಾಕೆಟ್ಟನ್ನು ಸೀಳುತ್ತದೆ. ಆಮೇಲೆ ಗುಂಡು ಚೂರುಚೂರಾಗಿ ಇದ್ದ ಶಕ್ತಿಯನ್ನೆಲ್ಲ ಅಲ್ಲೇ ಸುರಿಯುತ್ತದೆ. ಆದರೆ ಬೆಣೆ ಇಳಿಯಬೇಕಾದರೆ ಪೆಟ್ಟು ಜೋರಾಗಿರಬೇಕು. ಪ್ರೇರಿ ಡಾಗ್ ಹೆಸರಿನಲ್ಲಿ ನಾಯಿ, ಜಾತಿಯಲ್ಲಿ ನೆಲದ ಅಳಿಲು. ಒಂದು, ಒಂದೂಕಾಲು ಕಿಲೋ ತೂಗುವ ಪ್ರಾಣಿ, ಮೈಯ ಅಗಲ ಮೂರು-ನಾಲ್ಕು ಇಂಚು. ಮೊದಲ ಒಂದೆರಡು ಇಂಚಿನಲ್ಲಿ ಗುಂಡು ಒಡೆಯದಿದ್ದರೆ ಮುಂದೆ ಒಡೆಯಲು ಮೈಯೇ ಇರುವುದಿಲ್ಲ. ವಿ-ಮ್ಯಾಕ್ಸ್, ನೋಸ್ಲರ್ ಬ್ಯಾಲಿಸ್ಟಿಕ್ ಟಿಪ್ ವಾರ್ಮಿಂಟ್, ಸಿಯೆರಾ ಬ್ಲಿಟ್ಸ್‌ಕಿಂಗ್ ಈ ಮೂರು ವಾರ್ಮಿಂಟ್ ಗುಂಡಿಗೂ (ಸಣ್ಣ ಉಪದ್ರವಿ ಪ್ರಾಣಿಗಳಿಗೆಂದು ಮಾಡಿದವು) ನಾನು ಹಾಕುವ ಗೆರೆ ಸೆಕೆಂಡಿಗೆ 2,000 ಅಡಿ. ಅದಕ್ಕಿಂತ ಕೆಳಗೂ ಕೆಲವು ಒಡೆಯುತ್ತವೆ, ಆದರೆ ಪ್ರತಿ ಸಲ ಒಡೆಯುತ್ತವೆ ಎಂದು ನಂಬುವ ಹಾಗಿಲ್ಲ. ತೆವಳಿ ಬಿಲ ಸೇರಿ ಗಂಟೆಗಟ್ಟಲೆ ನರಳಿ ಸಾಯುವುದನ್ನು ಬೇಟೆ ಎನ್ನಲು ಆಗುವುದಿಲ್ಲ. ಈ ಗೆರೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ ಎನ್ನುವುದು ಅದಕ್ಕೇ.

ಈಗ ಗಾಳಿ. ಅಡ್ಡಗಾಳಿ ಗಂಟೆಗೆ 10 ಮೈಲಿ ಇದ್ದರೆ, ಸಮುದ್ರಮಟ್ಟದ ಲೆಕ್ಕದಲ್ಲಿ, 500 ಗಜ ತಲುಪುವಾಗ ಸುಮಾರಾಗಿ ಹೀಗಾಗುತ್ತದೆ:

.223, 40 ಗ್ರೇನ್ ವಿ-ಮ್ಯಾಕ್ಸ್, ಹೊರಡುವ ವೇಗ 3,800: ಗಾಳಿ ತಳ್ಳುವುದು 39 ಇಂಚು, ತಲುಪುವ ವೇಗ 1,600
.223, 55 ಗ್ರೇನ್ ವಿ-ಮ್ಯಾಕ್ಸ್, 3,240: 35 ಇಂಚು, 1,600
.223, 53 ಗ್ರೇನ್ ವಿ-ಮ್ಯಾಕ್ಸ್, 3,465: 26 ಇಂಚು, 1,900
.223, 75 ಗ್ರೇನ್ ಇಎಲ್‌ಡಿ ಮ್ಯಾಚ್, 2,790: 20 ಇಂಚು, 1,900
6 ಎಂಎಂ ಕ್ರೀಡ್‌ಮೋರ್, ಅಂದರೆ .223ಕ್ಕಿಂತ ದೊಡ್ಡ ತೋಟಾ, 87 ಗ್ರೇನ್ ವಿ-ಮ್ಯಾಕ್ಸ್, 3,210: 20 ಇಂಚು, 2,100

ಮೊದಲ ಎರಡು ಸಾಲು ಪಕ್ಕಪಕ್ಕದಲ್ಲಿಟ್ಟು ನೋಡಿ. 40 ಗ್ರೇನಿನ ಗುಂಡು 560 ಅಡಿ ಹೆಚ್ಚು ವೇಗದಲ್ಲಿ ಹೊರಟರೂ 500 ಗಜದಲ್ಲಿ 55ರ ಜೊತೆಗೇ ಬಂದು ನಿಲ್ಲುತ್ತದೆ, ಮೇಲಿಂದ ಗಾಳಿಗೆ ಇನ್ನೂ ನಾಲ್ಕು ಇಂಚು ಹೆಚ್ಚು ಸರಿಯುತ್ತದೆ. ಗಾಳಿ ಸೀಳುವ ಗುಣವನ್ನು ಅಳೆಯುವ ಬ್ಯಾಲಿಸ್ಟಿಕ್ ಕೊಯಫಿಶಿಯಂಟ್, ಅಂದರೆ ಬಿ.ಸಿ., ಅದಕ್ಕೆ ಬರೀ .200. ಹೆಚ್ಚಿದಷ್ಟೂ ಒಳ್ಳೆಯದಾದ ಈ ಅಂಕಿ 55ಕ್ಕೆ .255, 53ಕ್ಕೆ .290, 75ಕ್ಕೆ .467, 6 ಎಂಎಂ 87ಕ್ಕೆ .400. ಹಗುರ ಗುಂಡು 250 ಗಜದೊಳಗೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮ ತೊಂದರೆ ಇರುವುದು ಅದರ ಆಚೆ. ಹಾಗಾಗಿ 40ರ ಸಲಹೆ ಬಿಡಿ.

75ರ ಸಲಹೆ ಕೊಟ್ಟವರ ಮಾತಿನಲ್ಲಿ ಹುರುಳಿದೆ. 450 ಅಡಿ ಕಡಿಮೆ ವೇಗದಲ್ಲಿ ಹೊರಡುವುದರಿಂದ ಹೆಚ್ಚು ಕೆಳಗೆ ಬೀಳುತ್ತದೆ ಎಂದು ಹಲವರು ಹೆದರುತ್ತಾರೆ. 200 ಗಜಕ್ಕೆ ಜೀರೋ ಮಾಡಿದ್ದರೆ (ಆ ದೂರದಲ್ಲಿ ಗುರಿಯಿಟ್ಟ ಕಡೆಗೇ ಗುಂಡು ಬೀಳುವಂತೆ ಸ್ಕೋಪ್ ಹೊಂದಿಸಿದ್ದರೆ) 500 ಗಜದಲ್ಲಿ 55 ಮತ್ತು 75 ಎರಡೂ ಬೀಳುವುದು ಹೆಚ್ಚುಕಡಿಮೆ 45 ಇಂಚೇ. ಬೀಳುವ ಲೆಕ್ಕ ಹೇಗೂ ದೂರ ಅಳೆಯುವ ರೇಂಜ್‌ಫೈಂಡರ್ ಮತ್ತು ಸ್ಕೋಪಿನ ತಿರುಗಿಸುವ ನಾಬ್‌ನಿಂದ ತೀರುತ್ತದೆ. ಗಾಳಿಯನ್ನು ಮಾತ್ರ ಕಣ್ಣಂದಾಜಿನಲ್ಲೇ ಅಳೆಯಬೇಕು. ಅಂದಾಜು ಗಂಟೆಗೆ ಒಂದು ಮೈಲಿ ತಪ್ಪಿದರೆ 55 ಗ್ರೇನ್ 500 ಗಜದಲ್ಲಿ ಮೂರೂವರೆ ಇಂಚು ಪಕ್ಕಕ್ಕೆ ಹೋಗುತ್ತದೆ. ನಟ್ಟನಡುವೆ ಗುರಿಯಿಟ್ಟಿದ್ದರೂ ಮೈಯ ಅಂಚು ಇರುವುದು ಎರಡು ಇಂಚಿಗೆ, ಅಂದರೆ ಪೂರ್ತಿ ತಪ್ಪು. ಅದೇ ತಪ್ಪಿಗೆ 75 ಸರಿಯುವುದು ಎರಡು ಇಂಚು, ಅಂಚಿಗಾದರೂ ಬರುತ್ತದೆ. ಒಂದು ಮೈಲಿಯಷ್ಟು ಗಾಳಿ ಏರಿಳಿದದ್ದು ಕೆನ್ನೆಗೂ ಗೊತ್ತಾಗುವುದಿಲ್ಲ. ದೂರದ ಬೇಟೆಯಲ್ಲಿ ತೋಟಾ ವ್ಯರ್ಥವಾಗುವುದು ಹೆಚ್ಚಾಗಿ ಇಲ್ಲೇ.

ಆದರೆ 75 ನಿಮ್ಮ ನಳಿಗೆಯಲ್ಲಿ ಹಾರುತ್ತದೋ ಇಲ್ಲವೋ ಎನ್ನುವುದನ್ನು ಟ್ವಿಸ್ಟ್ ತೀರ್ಮಾನಿಸುತ್ತದೆ. ನಳಿಗೆಯೊಳಗಿನ ಸುರುಳಿ ಗೀರು ಎಷ್ಟು ಇಂಚಿಗೆ ಒಂದು ಸುತ್ತು ಬರುತ್ತದೋ ಅದೇ ಟ್ವಿಸ್ಟ್. 1:12 ಅಂದರೆ 12 ಇಂಚಿಗೆ ಒಂದು ಸುತ್ತು, 1:8 ಅಂದರೆ 8 ಇಂಚಿಗೆ. ಗುಂಡು ಉದ್ದವಾದಷ್ಟೂ ನೆಟ್ಟಗೆ ಹಾರಲು ಹೆಚ್ಚು ತಿರುಗಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ತೂಕಕ್ಕಿಂತ ಉದ್ದ. 53 ಗ್ರೇನ್ ವಿ-ಮ್ಯಾಕ್ಸ್ 55ಕ್ಕಿಂತ ಹಗುರ, ಆದರೆ ಮೊನೆ ನೀಳವಾಗಿರುವುದರಿಂದ ಉದ್ದದಲ್ಲಿ ಹೆಚ್ಚು.

ಟ್ವಿಸ್ಟ್ ಅಳೆಯಲು ಕ್ಲೀನಿಂಗ್ ರಾಡ್ ಸಾಕು. ಮೊದಲು ಮ್ಯಾಗಜೀನ್ (ರೈಫಲಿನ ತೋಟಾ ಗೂಡು) ಖಾಲಿ ಮಾಡಿ, ಛೇಂಬರ್ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಕಣ್ಣಿಂದ ನೋಡಿ ಬೆರಳಿಂದ ಮುಟ್ಟಿ ಖಾತ್ರಿ ಮಾಡಿಕೊಂಡು, ಬೋಲ್ಟ್ ಹೊರತೆಗೆದು ಪಕ್ಕಕ್ಕಿಡಿ. ರೈಫಲನ್ನು ಅಲುಗದಂತೆ ಸ್ಟ್ಯಾಂಡಿನಲ್ಲಿ ಕೂರಿಸಿ. ಹಿಡಿಕೆಯಲ್ಲಿ ಬೇರಿಂಗ್ ಇದ್ದು ತಾನಾಗಿ ತಿರುಗುವ ರಾಡ್ ಬೇಕು. ತುದಿಗೆ ಬಟ್ಟೆ ಬಿಗಿಯಾಗಿ ಸುತ್ತಿ ಎರಡು-ಮೂರು ಇಂಚು ಒಳಗೆ ತಳ್ಳಿ. ರಾಡಿನ ಮೇಲ್ಭಾಗದಲ್ಲಿ, ರಿಸೀವರಿನ (ಬೋಲ್ಟ್ ಕೂರುವ ಭಾಗದ) ಹಿಂದಿನ ಅಂಚಿಗೆ ಸರಿಯಾಗಿ ಮಾರ್ಕರಿನಿಂದ ಒಂದು ಗುರುತು ಹಾಕಿ. ಈಗ ನಿಧಾನ ತಳ್ಳುತ್ತ ಹೋಗಿ. ಗುರುತು ಪಕ್ಕಕ್ಕೆ ವಾಲುತ್ತದೆ, ಕೆಳಗೆ ಹೋಗುತ್ತದೆ, ಇನ್ನೊಂದು ಪಕ್ಕದಿಂದ ಮೇಲೆ ಬರುತ್ತದೆ. ಮತ್ತೆ ನೆತ್ತಿಗೆ ಬಂದ ಕೂಡಲೇ ನಿಲ್ಲಿಸಿ, ಅದೇ ಅಂಚಿಗೆ ಎರಡನೇ ಗುರುತು ಹಾಕಿ. ಎರಡು ಗುರುತಿನ ನಡುವಿನ ಇಂಚು ನಿಮ್ಮ ಟ್ವಿಸ್ಟ್. ಮೂರು ಸಲ ಮಾಡಿ. ಬಟ್ಟೆ ಸಡಿಲವಾಗಿದ್ದರೆ ಗೀರು ಹಿಡಿಯದೆ ಜಾರುತ್ತದೆ, ಆಗ ಅಳತೆ ಇರುವುದಕ್ಕಿಂತ ಹೆಚ್ಚು ಬರುತ್ತದೆ. ಮೂರರಲ್ಲಿ ಒಂದು ಬೇರೆ ಬಂದರೆ ಬಟ್ಟೆ ಬದಲಿಸಿ ಮತ್ತೆ ಅಳೆಯಿರಿ.

12 ಬಂದರೆ: 50, 53, 55 ಗ್ರೇನಿನ ಆಚೆಗೆ ಆಸೆ ಬೇಡ. ಇವುಗಳಲ್ಲಿ ನನ್ನ ಆಯ್ಕೆ 53 ಗ್ರೇನ್ ವಿ-ಮ್ಯಾಕ್ಸ್, ಹಾರ್ನಡಿಯವರ ಸೂಪರ್‌ಫಾರ್ಮೆನ್ಸ್ ತೋಟಾ. ಉದ್ದದ ಗುಂಡಾದ್ದರಿಂದ ಕಾಗದದ ಮೇಲಿನ ತೂತು ದುಂಡಗಿದೆಯೇ ಎಂದು ಮೊದಲು ನೋಡಿಕೊಳ್ಳಿ.

9 ಬಂದರೆ: ಹಳೆಯ ನೆಚ್ಚಿಕೆಯ ಟ್ವಿಸ್ಟ್ ಇದು. 53 ಸಲೀಸಾಗಿ ಹಾರುತ್ತದೆ, 60 ಗ್ರೇನ್ ವಿ-ಮ್ಯಾಕ್ಸ್ ಸಹ. 60ರ ಬಿ.ಸಿ. .265 ಮಾತ್ರ, ಹಾಗಾಗಿ ತೂಕ ಹೆಚ್ಚೆಂದು ಅದನ್ನು ಕೊಂಡರೆ ದೂರದಲ್ಲಿ ಲಾಭವಿಲ್ಲ. 69 ಗ್ರೇನ್ ಸಿಯೆರಾ ಮ್ಯಾಚ್‌ಕಿಂಗ್ ಕಾಗದದ ಮೇಲೆ ಸುಂದರವಾಗಿ ಕೂರುತ್ತದೆ. ಬೇಟೆಗೆ ಅದು ಯಾಕೆ ಬೇಡ ಎಂದು ಮುಂದೆ ಹೇಳಿದ್ದೇನೆ. 75 ಇಎಲ್‌ಡಿ ಮ್ಯಾಚ್‌ಗೆ 1:8 ಬೇಕು. 1:9ರಲ್ಲಿ ಒಂದು ದಿನ ಹಾರಿ ಚಳಿಯ ಇನ್ನೊಂದು ದಿನ ಲಟಪಟ ಮಾಡಿದರೆ ಆಶ್ಚರ್ಯವಿಲ್ಲ. ತಣ್ಣನೆಯ ಗಾಳಿ ದಟ್ಟವಾಗಿರುವುದರಿಂದ ಗುಂಡು ಸ್ಥಿರವಾಗಲು ಹೆಚ್ಚು ತಿರುಗಬೇಕಾಗುತ್ತದೆ.

8 ಅಥವಾ 7 ಬಂದರೆ: 75 ಇಎಲ್‌ಡಿ ಮ್ಯಾಚ್ ನಿಮ್ಮ ಕೈಗೆ ಎಟಕುತ್ತದೆ. ಕೊಳ್ಳುವ ಮೊದಲು ಮ್ಯಾಗಜೀನಿನ ಒಳ ಉದ್ದ ಅಳೆಯಿರಿ. .223 ತೋಟಾದ ಒಟ್ಟು ಉದ್ದದ ಮಿತಿ 2.260 ಇಂಚು, ಎಆರ್-15 ರೈಫಲಿನ ಮ್ಯಾಗಜೀನ್ ಆ ಅಳತೆಗೇ ಮಾಡಿದ್ದು. 75 ಇಎಲ್‌ಡಿಯ ಮೊನೆ ನೀಳ, ಆ ಉದ್ದಕ್ಕೆ ಅದನ್ನು ಕೂರಿಸಲು ಆಗುವುದಿಲ್ಲ. ಆ ಅಡಚಣೆಗೆಂದೇ ಹಾರ್ನಡಿ 73 ಗ್ರೇನಿನದನ್ನು ಮಾಡಿದೆ. ನಿಮ್ಮ ಬೋಲ್ಟ್ ರೈಫಲಿನ ಮ್ಯಾಗಜೀನ್ ಉದ್ದವಿದ್ದರೆ ಸರಿ. ಇಲ್ಲದಿದ್ದರೆ ಒಂದೊಂದಾಗಿ ಕೈಯಿಂದ ತುಂಬಬೇಕು. ಪ್ರೇರಿ ಡಾಗ್ ಬೇಟೆಯಲ್ಲಿ ಅದೇನೂ ಕಷ್ಟವಲ್ಲ, ನಳಿಗೆ ತಣ್ಣಗಾಗಲು ಸಮಯವೂ ಸಿಗುತ್ತದೆ.

ವೇಗದ ಟ್ವಿಸ್ಟಿನಲ್ಲಿ ಹಗುರ ಗುಂಡು ಹಾಕಿದರೆ ಇನ್ನೊಂದು ಅಪಾಯವಿದೆ. ಹೊರಡುವ ವೇಗವನ್ನು 720ರಿಂದ ಗುಣಿಸಿ ಟ್ವಿಸ್ಟಿನಿಂದ ಭಾಗಿಸಿದರೆ ಗುಂಡು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ಸಿಗುತ್ತದೆ. 55 ಗ್ರೇನ್ 3,240ರಲ್ಲಿ 1:12ರಿಂದ ಹೊರಟರೆ 1,94,400 ಸುತ್ತು. 40 ಗ್ರೇನ್ 3,800ರಲ್ಲಿ 1:7ರಿಂದ ಹೊರಟರೆ 3,90,000 ದಾಟುತ್ತದೆ. ಮೂರು ಲಕ್ಷದ ಮೇಲೆ ಹೋದಂತೆ ತೆಳು ಜಾಕೆಟ್ಟಿನ ಗುಂಡುಗಳು ಗಾಳಿಯಲ್ಲೇ ಸಿಡಿದುಹೋಗಬಹುದು. ಗುರಿಗೆ ತೂತೇ ಬೀಳುವುದಿಲ್ಲ. ಸ್ಕೋಪಿನಲ್ಲಿ ನೋಡುತ್ತಿದ್ದರೆ ಅರ್ಧ ದಾರಿಯಲ್ಲಿ ಬೂದು ಬಣ್ಣದ ಹೊಗೆಯ ಗೆರೆ ಕಂಡು ಮಾಯವಾಗುತ್ತದೆ. ಸ್ಕೋಪ್ ಕೆಟ್ಟಿದೆ ಎಂದು ಅದನ್ನು ಬದಲಿಸುವವರಿದ್ದಾರೆ, ಕೆಟ್ಟಿರುವುದು ಗುಂಡು-ಟ್ವಿಸ್ಟಿನ ಜೋಡಿ. ಗೀರು ಸವೆದು ಒರಟಾದ, ಬಿಸಿಯೇರಿದ ನಳಿಗೆಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಹಾರ್ನಡಿಯ ಎಸ್‌ಎಕ್ಸ್ ಗುಂಡನ್ನು ಮಾಡಿರುವುದೇ 3,500 ಅಡಿಯೊಳಗಿನ ವೇಗಕ್ಕೆ. ನಿಧಾನದ ಟ್ವಿಸ್ಟಿಗೆ ಅದು ಒಳ್ಳೆಯ ಗುಂಡು, 1:7ಕ್ಕೆ ಬೇಡ.

ಮ್ಯಾಚ್ ಗುಂಡುಗಳ ವಿಷಯಕ್ಕೆ ಬರುತ್ತೇನೆ. ಮ್ಯಾಚ್‌ಕಿಂಗ್‌ನಂತಹ ಗುಂಡಿನ ತುದಿಯಲ್ಲಿ ತೂತು ಕಾಣುವುದರಿಂದ ಹಾಲೋ ಪಾಯಿಂಟ್ ಎನ್ನುತ್ತಾರೆ. ಆದರೆ ಅದು ಒಡೆಯಲೆಂದು ಬಿಟ್ಟ ತೂತಲ್ಲ, ಜಾಕೆಟ್ಟನ್ನು ಹಿಂದಿನಿಂದ ಮುಂದಕ್ಕೆ ಎಳೆದು ಮುಚ್ಚಿದಾಗ ಉಳಿದ ಬಾಯಿ. ಒಮ್ಮೆ ಒಡೆಯುತ್ತದೆ, ಒಮ್ಮೆ ಪೆನ್ಸಿಲ್ ಚುಚ್ಚಿದ ಹಾಗೆ ತೂರಿಹೋಗುತ್ತದೆ. ಇಎಲ್‌ಡಿ ಮ್ಯಾಚ್‌ಗೆ ಪ್ಲಾಸ್ಟಿಕ್ ಮೊನೆ, ಮೊನೆಯ ಹಿಂದೆ ಪೊಳ್ಳು ಇರುವುದರಿಂದ ಮ್ಯಾಚ್ ಗುಂಡುಗಳ ಪೈಕಿ ಅದು ಬೇಟೆಗೆ ಹತ್ತಿರ. ಆದರೂ ಜಾಕೆಟ್ ವಿ-ಮ್ಯಾಕ್ಸ್‌ನಷ್ಟು ಮೆದುವಲ್ಲ. 1,900 ಅಡಿ ವೇಗದಲ್ಲಿ 53 ಮತ್ತು 75 ಎರಡೂ 500 ಗಜ ತಲುಪುತ್ತವೆ. ತಗುಲಿಸುವುದು 75ಕ್ಕೆ ಸುಲಭ, ತಗುಲಿದ ಮೇಲೆ ಒಡೆಯುವುದು 53ಕ್ಕೆ ಸುಲಭ. ಎರಡೂ ನನ್ನ ಗೆರೆಗಿಂತ ಸ್ವಲ್ಪ ಕೆಳಗೇ ಇವೆ ಎನ್ನುವುದನ್ನೂ ಗಮನಿಸಿ.

ಮ್ಯಾಚ್ ಗುಂಡಿನ ದೊಡ್ಡ ತೊಂದರೆ ನೆಲಕ್ಕೆ ಬಡಿದಾಗಿನದು. ವಾರ್ಮಿಂಟ್ ಗುಂಡು ಒಣ ಮಣ್ಣಿಗೆ ಜೋರಾಗಿ ತಾಗಿದರೆ ಅಲ್ಲೇ ಪುಡಿಯಾಗುತ್ತದೆ. ಗಟ್ಟಿ ಗುಂಡು ಚಿಮ್ಮಿ ಎತ್ತಲೋ ಹೋಗುತ್ತದೆ. ಪ್ರೇರಿಯಂಥ ಚಪ್ಪಟೆ ನೆಲದಲ್ಲಿ, ದನ ಮೇಯುವ ಜಾಗದಲ್ಲಿ ಇದು ಸಣ್ಣ ವಿಷಯವಲ್ಲ. ಸೇನೆಯ ಮಾದರಿಯ ಪೂರ್ತಿ ಲೋಹ ಮುಚ್ಚಿದ ಗುಂಡು ಅಗ್ಗವೆಂದು ತರುವವರಿದ್ದಾರೆ. ಅದು ಒಡೆಯುವುದೂ ಇಲ್ಲ, ಚಿಮ್ಮುವುದನ್ನೂ ಬಿಡುವುದಿಲ್ಲ. ಬೇಡವೇ ಬೇಡ. ಯಾವ ಗುಂಡಾದರೂ ಹಿಂದೆ ಮಣ್ಣಿನ ದಿಬ್ಬ ಕಾಣದಿದ್ದರೆ, ಪ್ರಾಣಿ ಬಾನಂಚಿಗೆ ನಿಂತಿದ್ದರೆ, ಹೊಡೆಯಬೇಡಿ.

500 ಗಜದಲ್ಲಿ ನಿಯಮಿತವಾಗಿ ಹೊಡೆಯುವುದೇ ನಿಮ್ಮ ಆಸೆಯಾದರೆ .223ಯನ್ನು ಹಿಂಡುವುದಕ್ಕಿಂತ 6 ಎಂಎಂಗೆ ಹೋಗಿ. ಮೇಲಿನ ಪಟ್ಟಿಯ ಕೊನೆಯ ಸಾಲು ಅದಕ್ಕೇ ಹಾಕಿದ್ದು. ಗಾಳಿಗೆ 75ರಷ್ಟೇ ಗಟ್ಟಿ, ಜೊತೆಗೆ ನಿಜವಾದ ವಾರ್ಮಿಂಟ್ ಜಾಕೆಟ್, ತಲುಪುವಾಗ 2,100 ಅಡಿ. ಹಳೆಯ .243 ವಿಂಚೆಸ್ಟರ್ ಕೂಡ 87 ಗ್ರೇನ್ ವಿ-ಮ್ಯಾಕ್ಸನ್ನು ಚೆನ್ನಾಗಿ ಓಡಿಸುತ್ತದೆ. ಬೆಲೆ ತೆರುವುದು ಬೇರೆ ಕಡೆ: ಒದೆತ ಹೆಚ್ಚು, ನಳಿಗೆ ಬೇಗ ಕಾಯುತ್ತದೆ, ಬೇಗ ಸವೆಯುತ್ತದೆ. .223ಯಲ್ಲಿ ಗುಂಡು ಬಿದ್ದ ಧೂಳು ನಿಮ್ಮ ಸ್ಕೋಪಿನಲ್ಲೇ ಕಾಣುತ್ತದೆ, ಮುಂದಿನ ಗುಂಡಿಗೆ ಗಾಳಿಯ ತಿದ್ದುಪಡಿ ಅಲ್ಲೇ ಸಿಗುತ್ತದೆ. ಒದೆತ ಹೆಚ್ಚಿದರೆ ಆ ನೋಟ ತಪ್ಪುತ್ತದೆ, ಪಕ್ಕದಲ್ಲಿ ನೋಡಿ ಹೇಳುವವರು ಬೇಕಾಗುತ್ತಾರೆ.

ನಿಮ್ಮ ಊರಿನ ಎತ್ತರದ ಲಾಭವೂ ಇದೆ. ಶೈಯೆನ್ ಸುಮಾರು 6,060 ಅಡಿ ಎತ್ತರದಲ್ಲಿದೆ, ಅಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ನೂರಕ್ಕೆ 83ರಷ್ಟು. ಹಾಗಾಗಿ ಮೇಲಿನ ಗಾಳಿಯ ಅಂಕಿಗಳಿಂದ ಐದನೇ ಒಂದು ಭಾಗ ಕಳೆಯಿರಿ. 55 ಗ್ರೇನ್ ಗುಂಡು 2,000 ಅಡಿಗೆ ಇಳಿಯುವುದು ಸಮುದ್ರಮಟ್ಟದಲ್ಲಿ 355 ಗಜಕ್ಕೆ, ನಿಮ್ಮಲ್ಲಿ 425ರ ಆಸುಪಾಸಿನಲ್ಲಿ. ನೀವು ಹೇಳಿದ 400ರ ಗಡಿಗೆ ಇದು ತಾಳೆಯಾಗುತ್ತದೆ. 53ಕ್ಕೆ ಬದಲಿಸಿದರೆ ನಿಮ್ಮ ಎತ್ತರದಲ್ಲಿ 500 ಗಜದಲ್ಲೂ 2,000ಕ್ಕಿಂತ ಮೇಲೆ ಉಳಿಯುತ್ತದೆ. ಟ್ವಿಸ್ಟ್ ಏನೇ ಬರಲಿ, ನೀವು ಮೊದಲು ಕೊಳ್ಳಬೇಕಾದ ಡಬ್ಬಿ ಅದು. 8 ಅಥವಾ 7 ಬಂದರೆ ಮಾತ್ರ ಸುತ್ತು ಮೂರು ಲಕ್ಷ ದಾಟುತ್ತದೆ, ಗುಂಡು ಸಿಡಿಯದೆ ಗುರಿಗೆ ತೂತು ಬೀಳುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಬ್ಯಾಲಿಸ್ಟಿಕ್ ಆ್ಯಪ್‌ಗೆ ಒತ್ತಡ ತುಂಬುವಾಗ ಎಚ್ಚರ: ಹವಾಮಾನ ವರದಿಯಲ್ಲಿ ಕಾಣುವ 30 ಇಂಚಿನ (ಪಾದರಸದ ಅಳತೆ) ಆಸುಪಾಸಿನ ಅಂಕಿ ಸಮುದ್ರಮಟ್ಟಕ್ಕೆ ತಿದ್ದಿದ್ದು. ನಿಮ್ಮಲ್ಲಿ ನಿಜವಾದ ಒತ್ತಡ 24 ಇಂಚಿನ ಹತ್ತಿರ. ಆ್ಯಪ್ ಕೇಳುವುದು ಯಾವುದೆಂದು ನೋಡಿ ಹಾಕಿ. ಇಲ್ಲದಿದ್ದರೆ 500 ಗಜದಲ್ಲಿ ಎಲ್ಲ ಗುಂಡೂ ತಲೆ ಮೇಲೆ ಹೋಗುತ್ತವೆ.

ಪರೀಕ್ಷೆಗೆ 53, 55, ಟ್ವಿಸ್ಟ್ ಒಪ್ಪಿದರೆ 75, ತಲಾ ಎರಡು ಡಬ್ಬಿ ತನ್ನಿ. ಗುಂಡು ಬದಲಿಸಿದಾಗಲೆಲ್ಲ ಮೊದಲ ಮೂರು-ನಾಲ್ಕನ್ನು ಲೆಕ್ಕಕ್ಕೆ ಹಿಡಿಯಬೇಡಿ, ನಳಿಗೆ ಹೊಸ ಗುಂಡಿಗೆ ಒಗ್ಗಿಕೊಳ್ಳಲಿ. ಆಮೇಲೆ 100 ಗಜದಲ್ಲಿ ಐದೈದರ ಎರಡು ಗುಂಪು. ಮೂರು ಗುಂಡಿನ ಗುಂಪು ನಂಬಬೇಡಿ, ಅದೃಷ್ಟಕ್ಕೂ ಚಿಕ್ಕದಾಗಿ ಬೀಳುತ್ತದೆ. ಗುಂಪು ಅರ್ಧ ಇಂಚಿನ ಸುತ್ತ ಇದ್ದರೆ 500 ಗಜದಲ್ಲಿ ಎರಡೂವರೆ ಇಂಚಾಗುತ್ತದೆ, ಪ್ರೇರಿ ಡಾಗ್‌ಗೆ ಸಾಕು. ಒಂದು ಇಂಚಿದ್ದರೆ 300 ಗಜಕ್ಕೆ ನಿಲ್ಲಿ. ತೂತು ಮೊಟ್ಟೆಯಾಕಾರದಲ್ಲಿದ್ದರೆ ಗುಂಡು ಓಲಾಡುತ್ತಿದೆ, ಟ್ವಿಸ್ಟ್ ಸಾಲದು. ಗುಂಪು ಮೇಲೆ-ಕೆಳಗೆ ಉದ್ದಕ್ಕೆ ಬಿದ್ದರೆ ಮೊದಲು ನಳಿಗೆ ತಣಿಸಿ ಮತ್ತೆ ಹೊಡೆಯಿರಿ. ಆಗಲೂ ಹಾಗೇ ಇದ್ದರೆ ತೋಟಾದಿಂದ ತೋಟಾಕ್ಕೆ ವೇಗ ಏರುಪೇರಾಗುತ್ತಿದೆ, ಕ್ರೋನೋಗ್ರಾಫಿನಲ್ಲಿ ಅಳೆದು ನೋಡಿ. ಗೆದ್ದ ಗುಂಡನ್ನು 400-500 ಗಜದಲ್ಲಿ ಕಾಗದಕ್ಕೇ ಹೊಡೆದು ನೋಡಿ, ಬಿ.ಸಿ. ಲೆಕ್ಕ ನಿಮ್ಮ ನಳಿಗೆಗೆ ಕೂಡಿಬಂತೇ ಎಂದು ಅಲ್ಲಿ ಗೊತ್ತಾಗುತ್ತದೆ. ಕೂಡಿಬಂದರೆ ಡಬ್ಬಿಯ ಮೇಲಿನ ಲಾಟ್ ನಂಬರ್ ಬರೆದುಕೊಂಡು ಇಡೀ ಬೇಸಿಗೆಗೆ ಸಾಕಾಗುವಷ್ಟು ಅದೇ ಲಾಟಿನಿಂದ ತರಿಸಿ.

ಒಡೆಯುವ ಗುಂಡಿನ ಸೀಸದ ಚೂರು ಸತ್ತ ಪ್ರಾಣಿಯಲ್ಲೇ ಉಳಿಯುತ್ತದೆ, ಅದನ್ನು ತಿನ್ನುವ ಹದ್ದು-ಗಿಡುಗಗಳ ಹೊಟ್ಟೆ ಸೇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. 300 ಗಜದೊಳಗೆ ಹೊಡೆಯುವ ದಿನ ಸೀಸವಿಲ್ಲದ 35 ಗ್ರೇನ್ ಎನ್‌ಟಿಎಕ್ಸ್ ಅಥವಾ 36 ಗ್ರೇನ್ ಬಾರ್ನ್ಸ್ ವಾರ್ಮಿಂಟ್ ಗ್ರೆನೇಡ್ ಹಾಕಿದರೆ ಒಳ್ಳೆಯದು. ಹಗುರ ಗುಂಡುಗಳು, ದೂರಕ್ಕೆ ಆಗಿಬರುವುದಿಲ್ಲ. ಪ್ರೇರಿ ಡಾಗ್‌ನ ಚಿಗಟಗಳಲ್ಲಿ ಪ್ಲೇಗ್ ಇರಬಹುದು, ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಅದೇ ಬಿಲಗಳಲ್ಲಿ ಬಿಲಗೂಬೆ ವಾಸಿಸುತ್ತದೆ, ನೆಟ್ಟಗೆ ನಿಂತರೆ ದೂರದಿಂದ ಮೋಸವಾಗುತ್ತದೆ. ಅದನ್ನು ಹೊಡೆಯುವುದು ಅಪರಾಧ.

ಕಾನೂನಿನ ಒಂದು ವಿಷಯ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ಆದ್ದರಿಂದ ಇಲ್ಲಿ ಹೇಳಿದ್ದೆಲ್ಲ ನೀವಿರುವ ಕಡೆಗೆ ಮಾತ್ರ. ಅಲ್ಲೂ ನೀವು ಗ್ರೀನ್ ಕಾರ್ಡ್ ಇಲ್ಲದೆ ಎಚ್-1ಬಿಯಂತಹ ವೀಸಾದ ಮೇಲಿದ್ದರೆ, ಬಂದೂಕು-ತೋಟಾ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ತಡೆಯುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ವಿನಾಯಿತಿ ಇದೆ. ಪ್ರೇರಿ ಡಾಗ್ ಹೊಡೆಯಲು ರಾಜ್ಯ ಲೈಸೆನ್ಸ್ ಕೇಳದಿದ್ದರೂ ಈ ಕಾರಣಕ್ಕೆ ಒಂದು ಮಾಡಿಸಿ, ಅವಧಿ ಮುಗಿಯುವ ಮೊದಲೇ ನವೀಕರಿಸಿ. ಯಾವ ಹುಲ್ಲುಗಾವಲು ಮುಚ್ಚಿದೆ, ಯಾವುದು ತೆರೆದಿದೆ ಎಂಬುದು ವರ್ಷ ವರ್ಷ ಬದಲಾಗುತ್ತದೆ. ಹೊರಡುವ ವಾರ ವಯೋಮಿಂಗ್‌ನ ಗೇಮ್ ಅಂಡ್ ಫಿಶ್ ಇಲಾಖೆಗೆ ಫೋನ್ ಮಾಡಿ ಕೇಳಿ.